ಹಳದಿಗೆ ತಿರುಗುವ ಬಳೆ

ಗಂಗಾವತಿಯ ಆ ಮನೆಗೆ ಮಗಳು ಇಂಚರಾಳನ್ನು ಕೇಳಲು ಗಂಡಿನ ಕಡೆಯವರು ಬಂದು ಕೂತಿದ್ದಾಗ ತನುಶ್ರೀಯ ಕೈಬಳೆ ಹಳದಿಗೆ ತಿರುಗಿತು. ಇನ್ನೆರಡು ನಿಮಿಷದಲ್ಲಿ ಅವಳ ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರು ಇಳಿಯುತ್ತದೆ ಎಂದು ಅದರ ಅರ್ಥ. ಗಂಡ ರೋಹಿತ ಫ್ಯಾನು ಜೋರು ಮಾಡಿದ. ಮಾವ ಮಲ್ಲಿಕಾರ್ಜುನಪ್ಪ ನೀರು ತರಿಸಿದರು. ಅವಳು ಹೇಳುತ್ತಿದ್ದ ಮಾತನ್ನು ಮಾತ್ರ ಯಾರೂ ಕೇಳಲಿಲ್ಲ.

"ಇಂಚರಾಂದು ನರ್ಸಿಂಗ್ ಇನ್ನೊಂದು ವರ್ಷ ಐತಿ. ಇವ್ರು ಓದು ಬಿಡಿಸ್ತಾರಂತ. ಅಕಿನೂ ಒಲ್ಲೆ ಅಂತಾಳ," ಎಂದಳು ಮತ್ತೊಮ್ಮೆ.

"ಬಳಿ ಹಳದಿ ಆಗೇತಿ. ಆಮ್ಯಾಲೆ ಮಾತಾಡೂಣು," ಎಂದ ರೋಹಿತ, ಬಲು ಮೆತ್ತಗೆ.

ಮೂಲೆಯಲ್ಲಿ ಕೂತಿದ್ದ ತನುಶ್ರೀಯ ತಂಗಿ ಡಾ. ವರ್ಷಿಣಿಗೆ ಮೈಯೆಲ್ಲ ಉರಿಯಿತು. ಆ ಬಳೆ ಅವಳದೇ ಶೋಧ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಏರಿಳಿದು ಕೊನೆಗೆ ಕುಸಿಯುತ್ತದೆ. ನಿದ್ದೆ ಕೆಡುತ್ತದೆ, ಎದೆ ಡವಗುಟ್ಟುತ್ತದೆ, ಕೀಲು ನೋಯುತ್ತದೆ. ಇದನ್ನೆಲ್ಲ ಬೆವರಿನಿಂದಲೇ ಗುರುತಿಸಿ ಚಿಕಿತ್ಸೆಗೆ ದಾರಿ ತೋರುವ ಬಳೆ 2059ರಲ್ಲಿ ಬಂತು. ಈ ಅಕ್ಕತಂಗಿಯರ ಅವ್ವನಿಗೆ ಇದೇ ಕಷ್ಟ ಬಂದಾಗ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು. ಅಂಥದ್ದು ಇನ್ನಾರಿಗೂ ಆಗಬಾರದೆಂದು ವರ್ಷಿಣಿ ಹನ್ನೊಂದು ವರ್ಷ ಹೆಣಗಿದ್ದಳು. ಬಳೆಯ ಬಣ್ಣ ಹೊರಗೇ ಕಾಣಲಿ, ಮನೆಯವರಿಗೂ ಅರ್ಥವಾಗಲಿ ಎಂದವಳೂ ಅವಳೇ.

ಅರ್ಥವೇನೋ ಆಯಿತು. ಈಗ ಊರ ಗಂಡಸರಿಗೆಲ್ಲ ಆ ಹಾರ್ಮೋನಿನ ಹೆಸರು ಬಾಯಿಪಾಠ.

"ಬಳಿ ಮೈ ಬಿಸಿ ಅಳೀತೈತಿ. ಮಾತು ಖರೇನೋ ಸುಳ್ಳೋ ಅದಕ್ಕೇನು ಗೊತ್ತು?" ಎಂದಳು ವರ್ಷಿಣಿ.

"ಈ ವಯಸ್ಸಿನ್ಯಾಗ ಸಿಟ್ಟು ಬರತೈತಿ, ಮನಿಯವ್ರು ತಾಳ್ಮಿ ತಗೋಬೇಕು ಅಂತ ಬಳಿ ಕೂಡ ಬಂದ ಕೈಪಿಡಿಯೊಳಗ ನೀವ ಬರದೀರಿ. ತಗೊಂಡೀವಲ್ಲ!" ಎಂದ ರೋಹಿತ.

ವರ್ಷಿಣಿ ಹಾಗೆ ಬರೆದದ್ದು ನಿಜ.

ತನುಶ್ರೀ ಕಾದಳು. ಬೆವರು ಆರಿ ಬಳೆ ಹಸಿರಾಯಿತು. ಆಗ ದನಿ ಒಂದಿಷ್ಟೂ ಏರಿಸದೆ ಹೇಳಿದಳು: "ಈ ಮದುವಿಗೆ ನನ್ನ ಒಪ್ಪಿಗಿ ಇಲ್ಲ."

ಮಲ್ಲಿಕಾರ್ಜುನಪ್ಪ ನಕ್ಕರು. "ನೋಡ್ರಿ ಬೀಗರ, ಎಷ್ಟ ಸಮಾಧಾನಲೆ ಹೇಳಿದ್ಲು! ಒಳಗ ಅಕಿಂದು ಅಷ್ಟೇನೂ ವಿರೋಧ ಇಲ್ಲ. ಎಲಿ ಅಡಿಕಿ ತರ್ರಿ."

ತಾಂಬೂಲ ಬದಲಾಯಿತು. ಒಳಕೋಣೆಯಲ್ಲಿ ಇಂಚರಾ ಬಿಕ್ಕುವುದು ಎಲ್ಲರಿಗೂ ಕೇಳುತ್ತಿತ್ತು.

ಬೀಗರು ಹೋದಮೇಲೆ ವರ್ಷಿಣಿ ಅಕ್ಕನ ಕೈಯಿಂದ ಬಳೆ ಕಳಚಲು ಹೋದಳು. ತನುಶ್ರೀ ಕೈ ಎಳೆದುಕೊಂಡಳು.

"ಇರಲಿ ಬಿಡು. ಇದರಿಂದ ಔಷಧ ಸಿಕ್ತು, ನಿದ್ದಿ ಬರಾಕತ್ತೈತಿ. ಇಪ್ಪತ್ತರಾಗಿದ್ದಾಗ ಸಣ್ಣಾಕಿ, ನಿನಗೇನು ತಿಳೀತೈತಿ ಅಂದ್ರು. ಬಸುರಿ ಇದ್ದಾಗ ಬಸುರಿ ಹಟ ಅಂದ್ರು. ಆವಾಗ ನನ್ನ ಕೈಯಾಗ ಯಾವ ಬಳಿ ಇತ್ತು?"