ಗೇಲಿ ಮಾಡಿದವನ ಆಲೆಮನೆ

"ಅಯ್ಯೋ, ಅದು ಸುಳ್ಳು ಕಣ್ರೀ!"

ಹಿಂದಿನ ಸಾಲಿನಿಂದ ಜೋರು ನಗು! ಮದ್ದೂರಿನ ಗ್ರಂಥಾಲಯದ ಭಾನುವಾರದ ಕೂಟದಲ್ಲಿ ಪ್ರಬಂಧ ಓದುತ್ತಿದ್ದ ರಂಜಿತ ತಲೆಯೆತ್ತಿ ನೋಡಿದಳು.

ಅವಳು ಮಂಡ್ಯದ ಕಾಲೇಜಿನಲ್ಲಿ ಕನ್ನಡದ ಮೇಡಂ. ಓದುತ್ತಿದ್ದದ್ದು ನೂರು ವರ್ಷದ ಹಿಂದಿನ ವಿಡಂಬನಕಾರ ಕೆಂಪಸಿದ್ದಯ್ಯನವರ ಚಿಂತನೆಯ ಬಗ್ಗೆ. ಗೌಡರು, ಪೂಜಾರಿ, ಅಮಲ್ದಾರರು... ಯಾರನ್ನೂ ಬಿಡದೆ ಗೇಲಿ ಮಾಡಿದವರು. ಅವರಿಗೆ ಮನುಷ್ಯರೆಂದರೇ ಆಗುತ್ತಿರಲಿಲ್ಲ ಎಂಬುದು ರಂಜಿತಳ ವಾದ. ಮೂರು ವರ್ಷದ ಸಂಶೋಧನೆ ನಿಂತದ್ದೇ ಅದರ ಮೇಲೆ.

"ನಿಮಗೇನು ಗೊತ್ತು?" ರಂಜಿತ ಸಿಡುಕಿದಳು.

"ಆಲೆಮನೆಯವನಿಗೆ ಏನ್ ಗೊತ್ತಾದದು ಬುಡಿ! ಆದ್ರೂ ಅಷ್ಟು ನಗಿಸಿದೋರ ಬಗ್ಗೆ ತಿಥಿ ಮನೇಲಿ ಕುಂತಂಗೆ ಓದ್ತಿದ್ದೀರಲ್ಲ ಮೇಡಂ..."

ಎಲ್ಲರೂ ನಕ್ಕರು. ಅವನು ಹಲಗೂರಿನ ಶಿವರಾಮು.

ಆಮೇಲಿನ ಭಾನುವಾರಗಳಲ್ಲಿ ಅವನು ಅವಳನ್ನು ಕೆಣಕದ ದಿನವೇ ಇಲ್ಲ. ಅವಳ ಗಂಟುಮುಖ, ಕನ್ನಡಕ, ಅಡಿಟಿಪ್ಪಣಿ... ಎಲ್ಲಕ್ಕೂ ಒಂದೊಂದು ಮಾತು. ಜಗಳವಾಡುತ್ತಲೇ ನಮ್ಮ ಹುಡುಗಿ ಅವನಿಗೆ ಸೋತುಹೋದಳು, ಪಾಪ! ಅದಕ್ಕೇ ಒಂದು ಭಾನುವಾರ ಅವನಾಡಿದ ಮಾತು ಅಷ್ಟು ನೋಯಿಸಿತು.

"ಮೇಡಂ ಹೊಸ ಸೀರೆ ಉಟ್ಟವ್ರೆ! ಮೊಕ ಮಾತ್ರ ಹಳೇದೇ!"

ಅವಳು ಅದನ್ನು ಉಟ್ಟಿದ್ದೇ ಅವನಿಗಾಗಿ. 'ನಾನು ಇವನಿಗೆ ಬರೀ ತಮಾಷೆ...' ಎಂದುಕೊಂಡವಳು ನಾಲ್ಕು ವಾರ ಮದ್ದೂರಿನ ಕಡೆ ತಲೆ ಹಾಕಲಿಲ್ಲ.

ಐದನೇ ವಾರ ತಡೆಯಲಾಗಲಿಲ್ಲ. ಕೇಳಿಯೇ ಬಿಡೋಣವೆಂದು, ಅದೇ ಸೀರೆ ಉಟ್ಟು, ಹಲಗೂರಿನ ಬಸ್ಸು ಹತ್ತಿದಳು.

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಶಿವರಾಮು ಮೇಲೆ ತೇಲಿದ ಕೊಳೆಯನ್ನು ಉದ್ದ ಹಿಡಿಯ ಜರಡಿಯಿಂದ ತೆಗೆಯುತ್ತಿದ್ದ. ತುಂಬಾ ಸೊರಗಿದ್ದ. ಅವಳನ್ನು ಕಂಡದ್ದೇ ಜರಡಿ ಕೈಜಾರಿತು.

"ನನ್ನ ಕಂಡ್ರೆ ಅಷ್ಟು ಅಸಡ್ಡೆನಾ ಶಿವರಾಮು?"

"ಅಸಡ್ಡೆನಾ? ಈ ಕೊಳೆ ಯಾಕೆ ತೆಗೀತೀವಿ ಹೇಳಿ ಮೇಡಂ. ಹಾಲಿನ ಮ್ಯಾಲೆ ಸಿಟ್ಟಿಗಾ? ಬೆಲ್ಲ ಚೆಂದಾಗಿ ಬರ್ಲಿ ಅಂತ. ಕೆಂಪಸಿದ್ದಯ್ಯನೋರೂ ಅಂಗೇ. ಜನಗಳ ಮ್ಯಾಲೆ ಪ್ರೀತಿ ಇಲ್ದಿದ್ರೆ ಜೀವಮಾನವೆಲ್ಲ ಅವ್ರ ಬಗ್ಗೇನೇ ಯಾಕ್ ಬರೀತಿದ್ರು? ಬ್ಯಾಡದೋರ್ನ ಯಾರೂ ಗೇಲಿ ಮಾಡಾಕಿಲ್ಲ. ಸುಮ್ಕೆ ಬುಟ್ಬುಡ್ತಾರೆ."

ರಂಜಿತ ನಿಂತಲ್ಲೇ ನಿಂತಳು. ಮೂರು ವರ್ಷದ ವಾದ ಕಣ್ಣೆದುರೇ ಬಿದ್ದುಹೋಯಿತು. ಆಶ್ಚರ್ಯವೆಂದರೆ, ದುಃಖವೇ ಆಗಲಿಲ್ಲ!

"ಹಾಗಾದ್ರೆ... ನೀವು ಬೇರೆ ಯಾರನ್ನ ಇಷ್ಟೊಂದು ಗೇಲಿ ಮಾಡಿದ್ದೀರ?"

ಮಾತಿನ ಮಲ್ಲ ಕೈಜಾರಿದ ಜರಡಿಯನ್ನು ಎತ್ತಿಕೊಂಡ. ತಲೆ ತಗ್ಗಿಸಿದ.

"ಯಾರ್ನೂ ಇಲ್ಲ... ನಿಮ್ಮೊಬ್ರನ್ನೇ."

ಅವಳಿಗೆ ಅಳು, ನಗು ಒಟ್ಟಿಗೇ ಬಂದವು.

"ಪ್ರಬಂಧ ಮೊದಲಿಂದ ಬರೀಬೇಕು. ಒಂದು ವರ್ಷ ಹಿಡಿಯುತ್ತೆ. ಅಲ್ಲೀತನಕ ಸುಮ್ಮನಿರ್ತೀರಾ?"

"ಗೇಲಿ ಮಾಡ್ದೆನಾ? ಜೀವ ಇರೋಗಂಟ ಆಗಾಕಿಲ್ಲ ಕಣ್ರೀ!"

"ಸರಿ, ಮಾಡಿ. ಆದ್ರೆ ಮೇಡಂ ಅನ್ಬೇಡಿ."

ನಗುತ್ತಿದ್ದ ಅವಳನ್ನೇ ಅವನು ಕಣ್ತುಂಬ ನೋಡಿದ.

"ಇವತ್ತು ಸೀರೆ ಹಳೇದು... ಮೊಕ ಹೊಸದು, ರಂಜಿತಾ."