ಹೊಡೆದುಹಾಕಿದ ಹೆಸರು

"ಪೆನ್ ಕೆಳಗಿಡಿ."

ನಿಶ್ಮಿತಾ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಗಿಡ್ಡ ಕೂದಲಿನ ಹುಡುಗಿ, ಮುಖದ ತುಂಬಾ ಸಿಟ್ಟು.

"ಇಲ್ಲಿ ಯಾರೂ ಫುಲ್ ನೇಮ್ ಬರೆಯಲ್ಲ. ಪೊಲೀಸ್ ಪರ್ಮಿಟ್ ಇಲ್ಲದ ಮೀಟಿಂಗ್ ಇದು." ಹಾಳೆಯನ್ನು ಎಳೆದುಕೊಂಡ ಆಕೆ, ಬರೆದಷ್ಟನ್ನು ಓದಿ ಸಣ್ಣಗೆ ನಕ್ಕಳು. "ನಿಶ್ಮಿತಾ ಪೂಜಾರಿ... ಉಡುಪಿ ಕಡೆಯವರಾ? ನಾನು ಅನಘಾ. ಬೆಂಗಳೂರು."

ಆ ಒಂದು ನಗುವಿಗೇ ನಮ್ಮ ಹುಡುಗಿ ಬಿದ್ದಳು ಅಂತ ನಾನು ಹೇಳಿದರೆ ನೀವು ನಗಬಾರದು.

ಅದು ೧೯೯೪. ಸಿಂಗಪುರದ ಬೂನ್ ಲೇಯಲ್ಲಿ, ಸಭೆ ಶುರುಮಾಡಿದ ಕೌಸಲ್ಯಾ ಆಂಟಿಯ ಫ್ಲ್ಯಾಟು, ಭಾನುವಾರದ ಮಧ್ಯಾಹ್ನ, ಒಂಬತ್ತು ಹೆಂಗಸರು. ದೂರದ ಲಂಡನ್ನಿನಲ್ಲಿ ಹೆಣ್ಣನ್ನೇ ಪ್ರೀತಿಸುವ ಕಪ್ಪು ಹೆಂಗಸರ ಬರಹವೊಂದನ್ನು ಅನಘಾ ಓದಿದಳು. ಗಂಡಸರ ಹೋರಾಟದಲ್ಲೂ ಬಿಳಿ ಹೆಂಗಸರ ಸಂಘದಲ್ಲೂ ಜಾಗ ಸಿಗದೆ ತಮ್ಮದೇ ಕೋಣೆ ಹುಡುಕಿಕೊಂಡವರು ಅವರು.

ಅಂಥ ಹೆಣ್ಣು ಊರಿಗೆಲ್ಲ ತಾನೊಬ್ಬಳೇ ಎಂದುಕೊಂಡಿದ್ದ ನಿಶ್ಮಿತಾ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. 'ನನ್ನಂಥವರು ಇದ್ದಾರೆ...'

ಸಭೆಯ ಜಾಗ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ವಿಳಾಸ ಬರುತ್ತಿದ್ದುದು ಅನಘಾ ಅಂಚೆಗೆ ಹಾಕುವ ಕಂದು ಲಕೋಟೆಯಲ್ಲಿ. ಯಾರ ಫೋನ್ ನಂಬರೂ ಯಾರ ಹತ್ತಿರವೂ ಇಲ್ಲ. ಐದು ತಿಂಗಳು ಇಬ್ಬರೂ ಸಭೆ ಮುಗಿಸಿ ಎಂಆರ್‌ಟಿ ರೈಲು ನಿಲ್ದಾಣದವರೆಗೆ ಬೇಕೆಂದೇ ನಿಧಾನ ನಡೆದರು, ಕೈಗೆ ಕೈ ತಾಗಿದರೆ ಹಿಂದಕ್ಕೆ ಎಳೆದುಕೊಳ್ಳುತ್ತ.

ಆರನೆಯ ತಿಂಗಳು ಲಕೋಟೆ ಬರಲಿಲ್ಲ. ಏಳನೆಯ ತಿಂಗಳೂ ಇಲ್ಲ.

'ನನ್ನ ಮನಸ್ಸು ಅವಳಿಗೆ ಗೊತ್ತಾಗಿ ನಾನು ಬೇಡವಾದೆನೇ?' ನಿಶ್ಮಿತಾ ಊಟ ಬಿಟ್ಟಳು, ಅತ್ತಳು. ಕೊನೆಗೆ ಸಿಟ್ಟು ಬಂತು. ತಿಂಗಳ ಮೊದಲ ಶನಿವಾರ ಅನಘಾ ಸಭೆಯ ಬರಹಗಳ ಪ್ರತಿ ತೆಗೆಸುವ ಬ್ರಾಸ್ ಬಸಾದ ಝೆರಾಕ್ಸ್ ಅಂಗಡಿಗೆ ಹೋಗಿ ನಿಂತೇಬಿಟ್ಟಳು.

ಅವಳನ್ನು ಕಂಡ ಅನಘಾಳ ಕೈಯಿಂದ ಹಾಳೆಗಳು ಜಾರಿದವು.

"ನನ್ನ ಹೆಸರು ಯಾಕೆ ತೆಗೆದ್ರಿ?"

"ದಾರೀಲಿ ನೀವೇ ಹೇಳಿದ್ರಲ್ಲ... ಇಲ್ಲೇ ಕಾಯಂ ಇರೋಕೆ ಪಿಆರ್ ಅಪ್ಲೈ ಮಾಡಿದೀನಿ, ಭಯ ಆಗುತ್ತೆ ಅಂತ. ಹಾಗಂದೋರ ಹೆಸರು ಹೊಡೆದುಹಾಕಬೇಕು. ಅವರಾಗೇ ಬರೋವರೆಗೂ ಕಾಂಟ್ಯಾಕ್ಟ್ ಮಾಡಬಾರದು. ಕೌಸಲ್ಯಾ ಆಂಟಿಯ ರೂಲ್ ಅದು. ನಿಮಗೆ ಯಾರೂ ಹೇಳಿರಲಿಲ್ವಾ?"

"ಇಲ್ಲ."

ಅನಘಾ ತಲೆ ಚಚ್ಚಿಕೊಂಡಳು. "ಅಯ್ಯೋ... ನಾನೇ ಹೇಳಬೇಕಿತ್ತು."

"ಭಯ ಆಗುತ್ತೆ ಅಂದೆ. ಬಿಟ್ಟುಬಿಡಿ ಅನ್ನಲಿಲ್ಲ." ನಿಶ್ಮಿತಾ ಕಣ್ಣೊರೆಸಿಕೊಂಡಳು. "ಬೇರೆ ಯಾರ ಹತ್ರ ಹೇಳ್ಕೊಳ್ಳಲಿ ನಾನು?"

ಅನಘಾ ಒಂದು ಹೆಜ್ಜೆ ಹತ್ತಿರ ಬಂದಳು. ಅವಳ ಕಣ್ಣು ತುಂಬಿತ್ತು.

"ನಿಮ್ಮ ಹೆಸರು ಹೊಡೆದ ದಿನ ನಾನು ಆಫೀಸಿಗೆ ಹೋಗಲಿಲ್ಲ, ನಿಶ್ಮಿತಾ. ನನ್ನಿಂದ ನಿಮ್ಮ ಪಿಆರ್‌ಗೆ ತೊಂದರೆ ಆಗಬಾರದು ಅಂತ... ನೀವು ಅಂದ್ರೆ ನನಗೆ ಪ್ರಾಣ. ಸಾಕಾ?"

ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಆ ಕ್ಷಣ ಇಳಿಯಿತು. ನಿಶ್ಮಿತಾ ಅಳುತ್ತಲೇ ನಕ್ಕಳು, ಬಗ್ಗಿ ಹಾಳೆಗಳನ್ನು ಆಯ್ದುಕೊಟ್ಟಳು. ಕೈಗೆ ಕೈ ತಾಗಿತು. ಈ ಸಲ ಇಬ್ಬರೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಪಿಆರ್ ಬರೋವರೆಗೂ ಮೀಟಿಂಗಿಗೆ ಬರಬೇಡ," ಎಂದಳು ಅನಘಾ, ಮೊದಲ ಬಾರಿಗೆ ಏಕವಚನದಲ್ಲಿ.

"ಬರಲ್ಲ. ನಿಮ್ಮನೆಗೆ ಊಟಕ್ಕೆ ಬರ್ತೀನಿ. ಅದಕ್ಕೇನೂ ಪರ್ಮಿಟ್ ಬೇಡ ಅಲ್ವಾ?"

"ನನಗೆ ಅನ್ನ ಸಾರು ಬಿಟ್ಟು ಏನೂ ಮಾಡೋಕೆ ಬರಲ್ಲ."

"ಮೀನು ನಾನು ತರ್ತೀನಿ."

"ನಾನು ಮೀನು ತಿನ್ನಲ್ಲ ಕಣೇ..."

"ಗೊತ್ತು. ನೀನು ಅನ್ನ ತಿನ್ನು, ನನ್ನ ಪಕ್ಕ ಕೂತು."