ಎರಡನೆಯ ಸಲ ಕೇಳದವನು

"ನನ್ನ ಜೊತೆ ಬರ್ತೀಯಾ?" ಎಂದು ಅವನು ಕೇಳಿದ.

"ಬೇಡಪ್ಪ," ಎಂದಳು ಅವಳು, ಕಣ್ಣು ಕೆಳಗಿಳಿಸಿ, ತುಟಿಯಂಚಿನಲ್ಲಿ ನಗುವನ್ನು ಬಚ್ಚಿಟ್ಟುಕೊಂಡು.

"ಸರಿ," ಎಂದು ಅವನು ಎದ್ದು ಹೋದ.

ಬಚ್ಚಿಟ್ಟ ನಗು ಬಚ್ಚಿಟ್ಟಲ್ಲೇ ಒಣಗಿತು.

ಆ ವಿಶ್ವವಿದ್ಯಾಲಯದ ಚೀನೀ ವಿಭಾಗವೆಂದರೆ ನೆಲಮಾಳಿಗೆಯ ಒಂದು ಕೋಣೆ. ಮೇಲೆ ಮ್ಯಾನೇಜ್‌ಮೆಂಟ್ ಓದುವವರಿಗೆ ಗಾಜಿನ ಬಾಗಿಲು, ಎ.ಸಿ.; ಕೆಳಗೆ ಇವರಿಗೆ ತೇವ ಹಿಡಿದ ಗೋಡೆ, ಕುಂಟುವ ಬೆಂಚು. ದೊಡ್ಡವರ ಕಣ್ಣಿಗೆ ಅದೂ ಚುಚ್ಚಿತು. ಬೇಡಿಕೆಯಿಲ್ಲ ಎಂಬ ಒಂದೇ ಮಾತಿನಲ್ಲಿ ವಿಭಾಗಕ್ಕೆ ಬೀಗ ಬಿತ್ತು. ಯಾರ ಬೇಡಿಕೆ? ಟೈಲರಮ್ಮನ ಮಗಳೊಬ್ಬಳು ದೂರದೇಶದವರ ಕವಿತೆಯನ್ನು ಅವರದೇ ಅಕ್ಷರದಲ್ಲಿ ಓದಲು ಆಸೆಪಟ್ಟರೆ ಅದು ಬೇಡಿಕೆಯಲ್ಲ, ಕೊಬ್ಬು.

ಅಲ್ಲಿ ಪಾಠ ಹೇಳುತ್ತಿದ್ದ ಮೇಡಂ ಕಂಡಕಂಡವರ ಕೈಕಾಲು ಹಿಡಿದು ಬೇರೆ ಊರಿನ ವಿಶ್ವವಿದ್ಯಾಲಯದಲ್ಲಿ ಎರಡು ಸೀಟು ಗಿಟ್ಟಿಸಿದ್ದರು. ಒಂದು ಅವನಿಗೆ, ಇನ್ನೊಂದು ಅವಳಿಗೆ. ಸದಾ ಕಿವಿಯ ಮೇಲೆ ಬ್ರಷ್ ಸಿಕ್ಕಿಸಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ಕುಂಚ ಎನ್ನುತ್ತಿದ್ದರು. ಅವಳು ಸೂಜಿ. ತಾಯಿಯ ಕಸುಬಿನಿಂದ ಬಂದ ಹೆಸರು ಅವಳ ಮೊನಚು ನಾಲಿಗೆಗೂ ಒಪ್ಪಿತ್ತು.

ಯಾರಾದರೂ ಏನಾದರೂ ಕೊಟ್ಟರೆ ತಟ್ಟನೆ ಕೈಚಾಚಬಾರದು, ಎರಡು ಸಲ ಬೇಡವೆಂದು ಮೂರನೆಯ ಸಲ ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಚೀನೀಯರ ಮರ್ಯಾದೆಯ ಈ ಪಾಠವನ್ನು ಮೇಡಂ ಹೇಳಿಕೊಟ್ಟ ದಿನದಿಂದ ಅವರಿಬ್ಬರ ಆಟ ಶುರುವಾಗಿತ್ತು. ಅವನು ಟೀ ಚಾಚುವನು.

"ಅಯ್ಯೋ, ಬೇಡ."

"ತಗೊಳೇ."

"ಬೇಡ ಅಂದ್ನಲ್ಲ."

"ಆರಿಹೋಗುತ್ತೆ ಮಾರಾಯ್ತಿ."

ಆಗ ಅವಳು ಎರಡೂ ಕೈಯಲ್ಲಿ ಲೋಟ ತೆಗೆದುಕೊಳ್ಳುವಳು. ಬೆರಳಿಗೆ ಬೆರಳು ತಾಕುವುದು. ಇಬ್ಬರೂ ಗೋಡೆ ನೋಡುವರು, ಗೋಡೆಯಲ್ಲಿ ಏನೋ ಬರೆದಿರುವಂತೆ. ಟೀ ಆರಿಯೇ ಹೋಗಿರುತ್ತಿತ್ತು.

ಬದುಕನ್ನೇ ಚಾಚಿ ಕೇಳಿದಾಗಲೂ ಅವಳು ಅದೇ ಮರ್ಯಾದೆ ತೋರಿದ್ದಳು. ಅವನು ಮತ್ತೆ ಕೇಳಲೇ ಇಲ್ಲ.

"ನೀನೇ ಹೋಗಿ ಹೂಂ ಅನ್ನೇ," ಎಂದಳು ಅಮ್ಮ, ಅಂಗಿಗೆ ಕಾಜ ಹೊಲಿಯುತ್ತ.

"ಇನ್ನೊಂದ್ಸಲ ಕೇಳ್ಲಿ ಅಮ್ಮ."

"ಕೇಳ್ತಾನೆ, ಕೇಳ್ತಾನೆ. ಹಸಿದೋಳಿಗೆ ಇಷ್ಟು ಬಿಗುಮಾನ ಒಳ್ಳೇದಲ್ಲ." ಅಮ್ಮ ಹಲ್ಲಿನಲ್ಲಿ ದಾರ ಕಡಿದಳು.

ಕಾದು ಕಾದು ಕೊನೆಗೆ ಅವಳೇ ಹೋದಳು. ನೆಲಮಾಳಿಗೆಯ ಪುಸ್ತಕಗಳು ಮೂಟೆಯಾಗುತ್ತಿದ್ದವು, ಸಂಜೆಯೊಳಗೆ ಗೋಡೌನಿಗೆ. ಕುಂಚ ಒಂದು ಮೂಟೆಗೆ ಹಗ್ಗ ಬಿಗಿಯುತ್ತಿದ್ದ. ಅವನ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು.

"ಯಾಕೆ ಮತ್ತೆ ಕೇಳ್ಲಿಲ್ಲ?"

ಅವನ ಕೈ ನಿಂತಿತು. "ನೀನು ಬೇಡ ಅಂದೆ."

"ಟೀ ಕೊಟ್ಟಾಗ್ಲೂ ಬೇಡ ಅಂತಿದ್ದೆ."

"ಟೀ ಬೇರೆ, ನೀನು ಬೇರೆ. ನಮ್ಮ ಓದಿನ ಕೂಟದಲ್ಲಿ ನೀನೇ ಮೇಜು ಗುದ್ದಿ ಹೇಳಿದ್ದೆ. ಹೆಣ್ಣು ಬೇಡ ಅಂದ್ರೆ ಬೇಡ ಅಂತಲೇ, ಬೆನ್ನು ಹತ್ತೋನು ಪ್ರೇಮಿಯಲ್ಲ, ಪೀಡೆ ಅಂತ. ನಾನು ಪೀಡೆ ಆಗ್ಬಾರ್ದು ಅಂತ..." ಅವನು ಹಗ್ಗದ ಗಂಟನ್ನು ಮತ್ತೊಮ್ಮೆ ಬಿಗಿದ. "ಎಷ್ಟು ಸಲ ನಿಮ್ಮ ಬೀದಿ ತಿರುವಿನ ತನಕ ಬಂದು ವಾಪಸ್ ಹೋದೆ ಗೊತ್ತಾ?"

ಅವಳು ಮೂಟೆಯ ಮೇಲೆ ಕುಸಿದು ಕೂತಳು. ತಾನು ಆಡಿದ್ದೂ ಸತ್ಯ, ಅವನು ನಂಬಿದ್ದೂ ಸತ್ಯ. ಎರಡು ಸತ್ಯಗಳ ನಡುವೆ ಸಿಕ್ಕಿ ಅವರೇ ನುರಿದುಹೋಗಿದ್ದರು.

"ಈಗ ಹೇಳ್ತೀನಿ, ಕೇಳಿಸ್ಕೋ. ನೀನಂದ್ರೆ ನಂಗಿಷ್ಟ. ಬರ್ತೀನಿ."

ಅವನ ಮುಖ ಅರಳಲಿಲ್ಲ. "ಸೂಜಿ, ನೀನು ಬರಲ್ಲ ಅಂತ ಮೇಡಂಗೆ ಹೇಳ್ಬಿಟ್ಟೆ. ನಿನ್ನ ಸೀಟು ಜೂನಿಯರ್ ಹುಡುಗಿಗೆ ಹೋಯ್ತು. ಅವಳು ಆಗ್ಲೇ ಹೊರಟಾಯ್ತು."

ಬೆಳಿಗ್ಗೆ ಮನೆಮನೆಯ ಮೆಟ್ಟಿಲು ಒರೆಸಿ, ಆಮೇಲೆ ಕ್ಲಾಸಿಗೆ ಬರುತ್ತಿದ್ದ ಹುಡುಗಿ.

"ಮೇಡಂಗೆ ಹೇಳಿ ವಾಪಸ್..." ಎಂದು ಅವನೇ ಶುರುಮಾಡಿದ.

"ಅವಳ ಬಾಯಿಂದ ಕಿತ್ಕೊಂಡು ನಾನು ತಿನ್ಲಾ? ಎರಡು ತುತ್ತು ಎಸೆದು, ನಾವು ಕಚ್ಚಾಡೋದನ್ನ ಮೇಲಿನವರು ನಿಂತು ನೋಡ್ತಾರೆ. ಆ ಖುಷಿ ಅವರಿಗೆ ಕೊಡಲ್ಲ ನಾನು."

"ಹಾಗಾದ್ರೆ ನಾನೂ ಹೋಗಲ್ಲ."

"ಹೋಗ್ತೀಯ. ಇಬ್ಬರ ಓದೂ ಹಾಳಾದ್ರೆ ಪ್ರೀತಿ ಉಳಿಯುತ್ತೇನೋ ದಡ್ಡ? ಒಬ್ಬರ ಮುಖ ಒಬ್ಬರು ನೋಡ್ದಾಗೆಲ್ಲ ಕಳ್ಕೊಂಡಿದ್ದೇ ಕಾಣುತ್ತೆ."

ಅವನು ಅವಳ ಕೈ ಹಿಡಿದ. ಈ ಸಲ ಲೋಟದ ನೆಪವಿರಲಿಲ್ಲ, ನೋಡಲು ಗೋಡೆಯೂ ಬೇಕಿರಲಿಲ್ಲ. ಅವಳ ಬೆರಳ ತುದಿಯ ಸೂಜಿಗಾಯಗಳನ್ನು ಅವನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿದ.

"ಬರ್ತೀನಿ," ಎಂದ ಕೊನೆಗೆ.

ಬೀಳ್ಕೊಡುವ ಮನೆಯವರು ಅತಿಥಿಗೆ ಹೇಳುವ ಚೀನೀ ಮಾತನ್ನು ಅವಳು ಹೇಳಿದಳು: "ಮಾನ್ ಝೌ." ನಿಧಾನವಾಗಿ ನಡೆ. ಅವನು ನಿಜಕ್ಕೂ ನಿಧಾನವಾಗಿ ನಡೆದ. ಆದರೂ ಮೆಟ್ಟಿಲು ಮುಗಿಯಿತು.

ಮೂಟೆ ಹೊರುವವರು ಬಂದರು. "ಏಳಮ್ಮ, ಇದೊಂದೇ ಉಳಿದಿರೋದು."

"ಏಳಲ್ಲ ಅಣ್ಣ."

"ಸಾಹೇಬ್ರು ಬೈತಾರೆ."

"ಅವರನ್ನೇ ಕೆಳಗೆ ಬರೋಕೆ ಹೇಳಿ. ಈ ಕೋಣೆಗೆ ಒಂದ್ಸಲಾನೂ ಬಂದಿಲ್ಲ ಅವರು."

ಅವರು ಮುಖ ಮುಖ ನೋಡಿಕೊಂಡು ಮೇಲೆ ಹೋದರು. ಅವಳು ಹಗ್ಗದ ಸಂದಿಯಿಂದ ಒಂದು ಪುಸ್ತಕ ಎಳೆದುಕೊಂಡಳು. ಇಬ್ಬರು ಸೇರಿ ಓದಬೇಕಾದ ಸಂಭಾಷಣೆಯ ಪಾಠ. ಕೇಳುವವನ ಮಾತನ್ನೂ ಉತ್ತರಿಸುವವಳ ಮಾತನ್ನೂ ಅವಳೊಬ್ಬಳೇ ಓದತೊಡಗಿದಳು; ಮೊದಲು ಗದ್ಗದವಾಗಿ, ಆಮೇಲೆ ಮೇಲಿನ ಗಾಜಿನ ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ.